ಹೊಳೆಗೊಂದು ಸಂಸತ್ತು

ಬತ್ತಿದ ಹೊಳೆಗೆ ನೀರು ತಂದವರು ಅದನ್ನು ಬರಗಾಲಕ್ಕೂ ಉಳಿಸಿಕೊಳ್ಳುವುದು ಹೇಗೆ? ರಾಜಸ್ತಾನದ ಅಲ್ವರ್ ಜಿಲ್ಲೆಯ ಅರ್ವರಿ ನದಿಯ ಜನ ಈ ಪ್ರಶ್ನೆ ಎದುರಿಸಿದರು.

ಎಂಬತ್ತರ ದಶಕದಲ್ಲಿ ತರುಣ ಭಾರತ ಸಂಘದ ನೆರವಿನಿಂದ ಹಳ್ಳಿಗರು ‘ಜೋಹಡ್’ಗಳನ್ನು ಕಟ್ಟತೊಡಗಿದರು. ಇಳಿಜಾರಿಗೆ ಅಡ್ಡಲಾಗಿ ಹಾಕಿದ ಈ ಮಣ್ಣಿನ ಏರಿಗಳು ಮಳೆನೀರನ್ನು ತಡೆದು ನೆಲಕ್ಕಿಂಗಿಸುತ್ತವೆ. ಬಾವಿಗಳು ತುಂಬಿದವು, 1995ರ ಹೊತ್ತಿಗೆ ಹೊಳೆ ವರ್ಷವಿಡೀ ಹರಿಯಿತು.

ನೀರಿನ ಹಿಂದೆಯೇ ಜಗಳವೂ ಬರುತ್ತದೆ. ಮೇಲಿನವನು ಪಂಪು ಹಾಕಿ ಕಬ್ಬು ಬೆಳೆದರೆ ಕೆಳಗಿನವನ ಬಾವಿ ಬರಿದು. ಅದಕ್ಕೇ 1999ರಲ್ಲಿ ಸುಮಾರು 70 ಹಳ್ಳಿಗಳು ‘ಅರ್ವರಿ ಸಂಸತ್ತು’ ರಚಿಸಿಕೊಂಡವು. ಕಬ್ಬು, ಭತ್ತದಂಥ ಹೆಚ್ಚು ನೀರು ಬೇಡುವ ಬೆಳೆ ಬೇಡವೆಂದವು. ಈ ಸಂಸತ್ತಿಗೆ ಕಾನೂನಿನ ಬಲವಿಲ್ಲ. ಹಳ್ಳಿಗರು ಕೊಟ್ಟ ಮಾತೇ ಬಲ. ಏರಿ ಕಟ್ಟಿದರಷ್ಟೇ ಸಾಲದು, ಕಟ್ಟುಪಾಡೂ ಬೇಕು.