ಕೋಳಿಮರಿಗಳ ಮದ್ದಿಗೆ ಚಮಚದ ಲೆಕ್ಕ ಸಾಲದು

ಮುಂಬಯಿಯಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾಗಿ ಊರು ಸೇರಿದ ತುಳು-ಕನ್ನಡಿಗರಲ್ಲಿ ಹಿತ್ತಿಲಲ್ಲಿ ಐವತ್ತೋ ನೂರೋ ಕೋಳಿ ಸಾಕುವವರು ಕಡಿಮೆಯಿಲ್ಲ. ಮಳೆಗಾಲ ಹಿಡಿಯಿತೆಂದರೆ ಅಂಥ ಮನೆಗಳಿಂದ ಮುಂಬಯಿಯ ಮಕ್ಕಳಿಗೆ ಫೋನು ಬರುತ್ತದೆ. "ಮಗಾ, ಮರಿಗಳ ಹಿಕ್ಕೆಯಲ್ಲಿ ರಕ್ತ ಕಾಣ್ತಾ ಉಂಟು. ಮದ್ದು ಎಷ್ಟು ಹಾಕುವುದು?" "ನೀರಿಗೆ ಒಂದು ಚಮಚ ಹಾಕಿ ಅಮ್ಮ" ಎಂಬುದು ಇಲ್ಲಿಂದ ಹೋಗುವ ಉತ್ತರ. ಯಾವ ಚಮಚ, ಎಷ್ಟು ನೀರು, ಮದ್ದಿನ ಸಾಮರ್ಥ್ಯವೆಷ್ಟು ಎಂದು ಯಾರೂ ಕೇಳುವುದಿಲ್ಲ. ಮರಿಗಳು ಉಳಿಯುವುದು ಈ ಲೆಕ್ಕದ ಮೇಲೆಯೇ.

ರಕ್ತಭೇದಿಗೆ ಕಾರಣ ಐಮೀರಿಯಾ ಎಂಬ ಏಕಕೋಶ ಪರಾವಲಂಬಿ. ಕಾಕ್ಸಿಡಿಯೋಸಿಸ್ ಎಂಬ ಈ ರೋಗ 3ರಿಂದ 6 ವಾರದ ಮರಿಗಳನ್ನು ಹೆಚ್ಚಾಗಿ ಕಾಡುತ್ತದೆ. ಇದು ಜಂತುಹುಳುವಲ್ಲ. ಆದ್ದರಿಂದ ಜಂತುಹುಳುವಿನ ಮದ್ದು ಇದಕ್ಕೆ ನಾಟದು, ಇದರ ಮದ್ದು ಜಂತುಹುಳುವಿಗೆ ನಾಟದು. ಮೊದಲು ಹಿಕ್ಕೆಯನ್ನು ಪಶುವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು.

ಶೇಕಡಾವಾರಿನ ಲೆಕ್ಕ

ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಮದ್ದು ಆಂಪ್ರೋಲಿಯಂ. ರೋಗ ಉಲ್ಬಣಿಸಿದಾಗ ಕುಡಿಯುವ ನೀರಿನಲ್ಲಿ ಲೀಟರಿಗೆ 240 ಮಿಲಿಗ್ರಾಂ, ಸಾಧಾರಣವಾಗಿದ್ದರೆ 120 ಮಿಲಿಗ್ರಾಂ ಪ್ರಮಾಣದಲ್ಲಿ 3ರಿಂದ 5 ದಿನ, ಬಳಿಕ 60 ಮಿಲಿಗ್ರಾಂನಂತೆ ಒಂದೆರಡು ವಾರ ಕೊಡುವುದು ವಾಡಿಕೆ. ಇದು ಶುದ್ಧ ಮದ್ದಿನ ತೂಕ, ಪೊಟ್ಟಣದಲ್ಲಿರುವ ಪುಡಿಯ ತೂಕವಲ್ಲ. ಶೇ. 20ರ ಪುಡಿಯ ಒಂದು ಗ್ರಾಂನಲ್ಲಿ ಮದ್ದು 200 ಮಿಲಿಗ್ರಾಂ ಮಾತ್ರ. ಆದ್ದರಿಂದ 240 ಮಿಲಿಗ್ರಾಂಗೆ 1.2 ಗ್ರಾಂ ಪುಡಿ, ಅಂದರೆ 10 ಲೀಟರ್ ನೀರಿಗೆ 12 ಗ್ರಾಂ ಬೇಕು. ಶೇ. 9.6ರ ದ್ರಾವಣವಾದರೆ ಅಷ್ಟೇ ಮದ್ದಿಗೆ ಲೀಟರಿಗೆ 2.5 ಮಿಲಿಲೀಟರ್ ಬೇಕಾಗುತ್ತದೆ. ಲೇಬಲ್ ಓದದೆ ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಗೋಪುರವಾಗಿ ತುಂಬಿದ ಚಮಚಕ್ಕೂ ಮಟ್ಟಸ ಚಮಚಕ್ಕೂ ಅಂತರವಿರುವುದರಿಂದ ಪುಡಿಗೆ ಸಣ್ಣ ಡಿಜಿಟಲ್ ತಕ್ಕಡಿ, ದ್ರಾವಣಕ್ಕೆ ಸೂಜಿಯಿಲ್ಲದ ಸಿರಿಂಜ್ ಉತ್ತಮ.

ಟಾನಿಕ್ ಬೆರೆಸುವ ತಪ್ಪು

ಮರಿಗಳು ಸೊರಗಿವೆಯೆಂದು ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಟಾನಿಕ್ ಬೆರೆಸುವವರಿದ್ದಾರೆ. ಆಂಪ್ರೋಲಿಯಂ ಬಿ-1 ಜೀವಸತ್ತ್ವದ ವೇಷ ಧರಿಸಿ ಪರಾವಲಂಬಿಯನ್ನು ಉಪವಾಸ ಕೆಡಹುವ ಮದ್ದು. ಬಿ-1 ಧಾರಾಳವಾಗಿ ಸಿಕ್ಕರೆ ಮದ್ದಿನ ಫಲ ತಗ್ಗುತ್ತದೆ. ಅತಿಯಾಗಿ ಕೊಟ್ಟರೂ ಅಪಾಯವೇ. ಮರಿಗೇ ಬಿ-1 ಕೊರತೆಯಾಗಿ ನರದೌರ್ಬಲ್ಯ ತಲೆದೋರಬಹುದು. ಕಡಿಮೆ ಕೊಟ್ಟರೆ ಪರಾವಲಂಬಿ ಸಾಯದೆ, ಮದ್ದಿಗೆ ಬಗ್ಗದ ತಳಿ ಬೆಳೆಯುತ್ತದೆ.

ಜಂತುಹುಳುವಿನ ಮದ್ದಿಗೆ ದೇಹತೂಕವೇ ಆಧಾರ. ಹತ್ತು ಕೋಳಿಗಳನ್ನು ತೂಗಿ ಸರಾಸರಿ ತೆಗೆಯಬೇಕು. ಸರಾಸರಿ 800 ಗ್ರಾಂನ 50 ಕೋಳಿಗಳೆಂದರೆ 40 ಕಿಲೋ. ವೈದ್ಯರು ಕಿಲೋಗೆ 5 ಮಿಲಿಗ್ರಾಂ ಬರೆದರೆಂದು ಇಟ್ಟುಕೊಂಡರೆ ಒಟ್ಟು 200 ಮಿಲಿಗ್ರಾಂ. ಶೇ. 2.5ರ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ ಇರುವುದರಿಂದ 8 ಮಿಲಿಲೀಟರ್ ಸಾಕು.

ಮದ್ದಿನ ನೀರು ದಿನವೂ ಹೊಸತಾಗಿರಬೇಕು, ಬೇರೆ ನೀರು ಕೋಳಿಗೆ ಸಿಗಬಾರದು. ಅಂಗಳದ ಹೊಂಡದಲ್ಲಿ ಮಳೆನೀರು ನಿಂತಿದ್ದರೆ ಕೋಳಿ ಅದನ್ನೇ ಕುಡಿದು ಮದ್ದು ಬಾನಿಯಲ್ಲೇ ಉಳಿಯುತ್ತದೆ. ಒದ್ದೆ ಉಮಿಯ ಹಾಸಿನಲ್ಲಿ ಪರಾವಲಂಬಿಯ ಮೊಟ್ಟೆಗಳು ಒಂದೆರಡು ದಿನಗಳಲ್ಲೇ ರೋಗ ಹರಡಲು ಸಿದ್ಧವಾಗುವುದರಿಂದ ಹಾಸು ಒಣಗಿರಬೇಕು. ಲೇಬಲ್‌ನಲ್ಲಿ ಸೂಚಿಸಿದ ದಿನಗಳು ಕಳೆಯುವ ತನಕ ಆ ಕೋಳಿಯ ಮಾಂಸ, ಮೊಟ್ಟೆ ಬಳಸಬಾರದು.

ಮುಂಬಯಿಯಿಂದ ಬಸ್ಸಿನಲ್ಲಿ ಮದ್ದು ಕಳಿಸುವ ಮಕ್ಕಳು ಪೊಟ್ಟಣ ಒಡೆಯದೆ, ಲೇಬಲ್ ಸಹಿತ ಕಳಿಸಲಿ. ಊರಿನ ಪಶುವೈದ್ಯರು ಹೇಳಿದ ಅಳತೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಗೂಡಿನ ಬಾಗಿಲಿಗೆ ಅಂಟಿಸಿದರೆ, ಕನ್ನಡಕ ಹುಡುಕುವ ಅಮ್ಮನಿಗೂ ಅನುಕೂಲ.