ಗಾಳಿಕೋವಿಯ ಹಳೆಯ ಉಸಿರು

ಕೋವಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮದ್ದು, ಹೊಗೆ, ಕಿವಿಗಡಚಿಕ್ಕುವ ಸದ್ದು. ನಾನು ಈ ಹೊತ್ತು ಹೇಳಬೇಕೆಂದಿರುವ ಕೋವಿಯಲ್ಲಿ ಇವು ಮೂರೂ ಇಲ್ಲ. ಅದರೊಳಗಿರುವುದು ಒಂದು ಉಕ್ಕಿನ ಸ್ಪ್ರಿಂಗು, ಒಂದು ಕೊಂತ, ಒಂದು ಹಿಡಿಯಷ್ಟು ಗಾಳಿ. ಈಗ ಯಾವ ಕಾರ್ಖಾನೆಯೂ ತಯಾರಿಸದ ಇಂಥ ಗಾಳಿಕೋವಿಗಳನ್ನು ಹುಡುಕಿ, ದುರಸ್ತಿ ಮಾಡಿ, ಗುರಿಹಲಗೆಗೆ ಹೊಡೆದು ಸಂತೋಷಪಡುವ ಜನ ಇಂಗ್ಲೆಂಡಿನಲ್ಲಿ ಬಹಳ ಮಂದಿ ಇದ್ದಾರೆ. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹಲವು ವರ್ಷ ಯಂತ್ರಗಳ ನಡುವೆ ದುಡಿದ ನನಗೂ ಆ ಗೀಳು ಅಂಟಿತು. ಇದು ಕೇವಲ ಹಳೆಯ ಸಾಮಾನಿನ ಮೋಹವೇ, ಇದರಲ್ಲಿ ಬೇರೇನಾದರೂ ಇದೆಯೇ ಎಂಬುದನ್ನು ನಿಮ್ಮೊಡನೆ ವಿಚಾರ ಮಾಡುವುದೇ ನನ್ನ ಉದ್ದೇಶ.

ಬಿ.ಎಸ್.ಎ. ಎಂಬ ಮೂರು ಅಕ್ಷರಗಳು ನಮ್ಮ ನಾಡಿನವರಿಗೆ ಹೊಸತಲ್ಲ. ನಮ್ಮ ಹಿರಿಯರು ಅವನ್ನು ಬಲ್ಲದ್ದು ಸೈಕಲ್ಲಿನ ಹೆಸರಾಗಿ. ಆದರೆ ಅವುಗಳ ವಿಸ್ತಾರ 'ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್'. ಎಂದರೆ ಬರ್ಮಿಂಗ್‌ಹ್ಯಾಮಿನ ಚಿಕ್ಕ ಆಯುಧಗಳು. 1861ರಲ್ಲಿ ಆ ಊರಿನ ಕೋವಿ ಕಮ್ಮಾರರು ಕೂಡಿ ಕಟ್ಟಿದ ಸಂಸ್ಥೆ ಅದು. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳೇ ಅದರ ಲಾಂಛನ. ಸೈಕಲ್ಲು, ಮೋಟಾರ್ ಸೈಕಲ್ಲುಗಳು ಬಂದದ್ದು ಆಮೇಲೆ.

ಅದೇ ಊರಿನ ಲಿಂಕನ್ ಜೆಫ್ರೀಸ್ ಎಂಬ ಕೋವಿ ತಯಾರಕ 1904ರಲ್ಲಿ ಒಂದು ಹೊಸ ಮಾದರಿಗೆ ಪೇಟೆಂಟು ಪಡೆದ. ಅದುವರೆಗೆ ಬಳಕೆಯಲ್ಲಿದ್ದ ಗಾಳಿಕೋವಿಗಳಲ್ಲಿ ಬಹಳಷ್ಟನ್ನು ನಳಿಗೆಯನ್ನೇ ಕೆಳಕ್ಕೆ ಬಗ್ಗಿಸಿ ಹೂಡಬೇಕಾಗಿತ್ತು. ಬಗ್ಗಿಸಿ ಬಗ್ಗಿಸಿ ಕೀಲು ಸಡಿಲಗೊಂಡರೆ ಗುರಿಯೂ ಸಡಿಲ. ಜೆಫ್ರೀಸನು ನಳಿಗೆಯನ್ನು ಅಲುಗದಂತೆ ಕೂರಿಸಿ ಅದರ ಕೆಳಗೆ ಒಂದು ಸನ್ನೆಗೋಲನ್ನು ಇಟ್ಟ. ಗುಂಡನ್ನು ತುಂಬಲು ನಲ್ಲಿಯ ತಿರುಗಣೆಯಂಥ ಒಂದು ಸಾಧನ ಈ ವರ್ಗದ ಕೋವಿಗಳಲ್ಲಿ ರೂಢಿಗೆ ಬಂತು. ಬಿ.ಎಸ್.ಎ. 1905ರಿಂದ ಇದನ್ನು ತಯಾರಿಸತೊಡಗಿತು. ಬರ್ಮಿಂಗ್‌ಹ್ಯಾಮಿನ ಸುತ್ತಿನ ಪಾನಗೃಹಗಳಲ್ಲಿ ದುಡಿಮೆಗಾರರು ಸಂಜೆಯ ಹೊತ್ತು ತಂಡ ಕಟ್ಟಿಕೊಂಡು ಆರೇಳು ಗಜ ದೂರದ ಉಕ್ಕಿನ ಹಲಗೆಗೆ ಹೊಡೆಯುತ್ತಿದ್ದರು. ಹಲಗೆಯ ನಡುವೆ ಕಿರುಬೆರಳು ತೂರುವಷ್ಟು ರಂಧ್ರ. ಅದರ ಹಿಂದೆ ಗಂಟೆ. ಗುಂಡು ರಂಧ್ರದಲ್ಲಿ ನುಸುಳಿದರೆ ಗಂಟೆ ಬಾರಿಸುತ್ತಿತ್ತು. ಬೇಟೆಯಾಡಲು ಕಾಡಿಲ್ಲದ, ಜಹಗೀರಿಲ್ಲದ ಸಾಮಾನ್ಯನ ಕ್ರೀಡೆ ಅದು.

ಈ ಕೋವಿ ಕೆಲಸ ಮಾಡುವ ಬಗೆಯನ್ನು ಅನೇಕರು ತಪ್ಪಾಗಿ ಭಾವಿಸಿದ್ದಾರೆ. ಸ್ಪ್ರಿಂಗು ಗುಂಡನ್ನು ತಳ್ಳುತ್ತದೆಂದು ಅವರ ಎಣಿಕೆ. ಸ್ಪ್ರಿಂಗಿಗೂ ಗುಂಡಿಗೂ ಮುಖಾಮುಖಿಯೇ ಇಲ್ಲ. ಸನ್ನೆಗೋಲನ್ನು ಎಳೆದಾಗ ಸ್ಪ್ರಿಂಗು ಕುಗ್ಗಿ ನಿಲ್ಲುತ್ತದೆ. ಕುದುರೆ ಒತ್ತಿದೊಡನೆ ಅದು ಕೊಂತವನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಕೊಂತದ ಮುಂದಿರುವ ಗಾಳಿ ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಅದುಮಿಹೋಗಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವೆಲ್ಲ ಬಲ್ಲಿರಿ. ಅದೇ ತತ್ತ್ವ ಇಲ್ಲಿ ನೂರ್ಮಡಿ ತೀವ್ರವಾಗಿ ನಡೆಯುತ್ತದೆ. ಆ ಬಿಸಿಗಾಳಿ ಸೀಸದ ಗುಂಡನ್ನು ನೂಕುತ್ತದೆ. ಅಷ್ಟೇ ಅಲ್ಲ, ಮುಂದೆ ಧಾವಿಸಿದ ಕೊಂತಕ್ಕೆ ಅದೇ ಗಾಳಿ ಮೆತ್ತೆಯಾಗಿ, ಉಕ್ಕು ಉಕ್ಕಿಗೆ ಬಡಿಯದಂತೆ ತಡೆಯುತ್ತದೆ. ಗುಂಡಿಲ್ಲದೆ ಬರಿದೇ ಕುದುರೆ ಒತ್ತಿದರೆ ಗಾಳಿ ತಡೆಯಿಲ್ಲದೆ ಹೊರಟುಹೋಗಿ ಕೊಂತ ಗೋಡೆಗೆ ಅಪ್ಪಳಿಸುತ್ತದೆ. ಎಷ್ಟೋ ಹಳೆಯ ಕೋವಿಗಳು ಹಾಳಾದದ್ದು ಹೀಗೆಯೇ.

ಇನ್ನೊಂದು ಸಂಗತಿಯುಂಟು. ಕೊಂತದ ತುದಿಯಲ್ಲಿ ಹಳೆಯ ಕೋವಿಗಳಿಗೆ ಎಣ್ಣೆಯಲ್ಲಿ ನೆನೆಸಿದ ತೊಗಲಿನ ಬಿಲ್ಲೆ ಇರುತ್ತಿತ್ತು. ಅದುಮಿದ ಗಾಳಿಯ ಕಾವಿಗೆ ಎಣ್ಣೆಯ ಅಂಶ ಉರಿದು ಗುಂಡಿನ ವೇಗಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ಕಾರ್ಡ್ಯೂ ಎಂಬ ಹೆಸರಿನ ಇಬ್ಬರು ಆಂಗ್ಲರು ಇದನ್ನು ಪ್ರಯೋಗದಿಂದ ತೋರಿಸಿದರು. ಉರಿಯಲು ನೆರವಾಗದ ಸಾರಜನಕವನ್ನು ತುಂಬಿ ಹೊಡೆದಾಗ ಕೋವಿಯ ಬಲ ಗಣನೀಯವಾಗಿ ಇಳಿಯಿತು. ಹಾಗೆಂದು ಎಣ್ಣೆಯನ್ನು ಧಾರಾಳವಾಗಿ ಸುರಿದರೆ ಸಿಡಿತ ಮಿತಿಮೀರಿ ಸ್ಪ್ರಿಂಗೇ ಮುರಿಯುತ್ತದೆ.

ಇಂಥ ಕೋವಿಯಿಂದ ಗುರಿ ಹಿಡಿಯುವುದು ಒಂದು ವಿಶೇಷ ವಿದ್ಯೆ. ಕೊಂತ ಮುಂದಕ್ಕೆ ಚಿಮ್ಮಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಕೊಂತ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಎರಡೂ ಚಲನೆಗಳು ಗುಂಡು ನಳಿಗೆಯನ್ನು ಬಿಡುವ ಮುನ್ನವೇ ಆರಂಭವಾಗಿರುತ್ತವೆ. ಬಿಗಿಯಾಗಿ ಹಿಡಿದವನ ಗುಂಡು ದಿಕ್ಕು ತಪ್ಪುತ್ತದೆ. ಕಲ್ಲಿಗೋ ಮರಕ್ಕೋ ಒರಗಿಸಿದರೂ ಅದೇ ಪಾಡು. ತೆರೆದ ಅಂಗೈಯ ಮೇಲೆ ಕೋವಿಯನ್ನು ಸುಮ್ಮನೆ ಮಲಗಿಸಿ, ಅದು ತನ್ನಿಚ್ಛೆಯಂತೆ ಅಲುಗಲು ಬಿಡಬೇಕು. ಪ್ರತಿಸಲವೂ ಒಂದೇ ರೀತಿಯಲ್ಲಿ ಅಲುಗಿದರೆ ಗುಂಡು ಒಂದೇ ಎಡೆಗೆ ಹೋಗುತ್ತದೆ. ಅಂಕೆಯಲ್ಲಿಡಲು ಹಿಡಿತವನ್ನು ಸಡಿಲಿಸಬೇಕೆಂಬ ಈ ಪಾಠ ಕೈಗೆ ಹತ್ತಲು ನನಗೆ ಒಂದು ಚಳಿಗಾಲವೇ ಬೇಕಾಯಿತು.

ಜರ್ಮನಿಯ ಒಬರ್ನ್‌ಡಾರ್ಫ್ ಊರಿನ ಫೈನ್‌ವೆರ್ಕ್‌ಬಾವ್ ಸಂಸ್ಥೆಯವರು 1960ರ ದಶಕದಲ್ಲಿ ಈ ತೊಡಕನ್ನು ಜಾಣತನದಿಂದ ಬಿಡಿಸಿದರು. ಮರದ ಹಿಡಿಯ ಮೇಲೆ ಕೋವಿಯ ಯಂತ್ರಭಾಗವೆಲ್ಲ ಜಾರುವಂತೆ ಮಾಡಿ, ಒದೆತ ಭುಜಕ್ಕೆ ತಟ್ಟದಂತೆ ಮಾಡಿದರು. ಆದರೆ ಕಾಲ ನಿಲ್ಲಲಿಲ್ಲ. 1984ರಲ್ಲಿ ಗಾಳಿ ರೈಫಲ್ ಸ್ಪರ್ಧೆ ಒಲಿಂಪಿಕ್ಸಿಗೆ ಸೇರಿತು. ಮುಂದೆ ಮೊದಲೇ ಅದುಮಿಟ್ಟ ಗಾಳಿಯನ್ನು ಕೊಳವೆಯಲ್ಲಿ ತುಂಬಿಕೊಂಡ ಕೋವಿಗಳು ಸ್ಪ್ರಿಂಗನ್ನು ಅಂಕಣದಿಂದ ಹೊರಗಟ್ಟಿದವು. 2008ರಲ್ಲಿ ಬೀಜಿಂಗಿನಲ್ಲಿ ನಮ್ಮ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಕೋವಿಯಲ್ಲಿ ಸ್ಪ್ರಿಂಗು ಇರಲಿಲ್ಲ. ಇತ್ತ ಬಿ.ಎಸ್.ಎ. ಕೋವಿಗಳ ಕಂಪನಿ 1986ರಲ್ಲಿ ಸ್ಪೇನಿನ ಗಾಮೋ ಸಂಸ್ಥೆಯ ಪಾಲಾಯಿತು. ಅದೇ ಊರಿನ ಮತ್ತೊಂದು ಹೆಸರಾಂತ ಮನೆ, ವೆಬ್ಲಿ ಅಂಡ್ ಸ್ಕಾಟ್, 2005ರ ಕೊನೆಯಲ್ಲಿ ಬಾಗಿಲು ಮುಚ್ಚಿತು. 1948ರಲ್ಲಿ ಬಂದ ಬಿ.ಎಸ್.ಎ. ಏರ್‌ಸ್ಪೋರ್ಟರ್, ಯುದ್ಧದ ತರುವಾಯದ ವೆಬ್ಲಿ ಮಾರ್ಕ್ 3, ಇವೆಲ್ಲ ಈಗ ಸಂಗ್ರಾಹಕರ ಕಪಾಟುಗಳಲ್ಲಿ ಮಾತ್ರ ಉಳಿದಿವೆ.

ಸಂಗ್ರಾಹಕನ ನಿಜವಾದ ಇಕ್ಕಟ್ಟು ತೊಡಗುವುದು ಇಲ್ಲಿಯೇ. ಹೊಡೆಯದೆ ಇಟ್ಟ ಕೋವಿ ಬರಿಯ ಕೊಳವೆ; ಅದನ್ನು ಮಾಡಿದವನ ಬುದ್ಧಿ ಅದರ ಚಲನೆಯಲ್ಲಿದೆ. ಆದರೆ ಪ್ರತಿಯೊಂದು ಹೊಡೆತದಿಂದಲೂ ಒಂದಿಷ್ಟು ಲೋಹ ಸವೆಯುತ್ತದೆ, ಸವೆದದ್ದನ್ನು ತುಂಬಿಕೊಡುವ ಕಾರ್ಖಾನೆ ಇಲ್ಲ. ನನ್ನ ನೆರೆಯಲ್ಲಿ ಉಪಕರಣ ತಯಾರಿಕೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮೂಲ ಸ್ಪ್ರಿಂಗನ್ನೂ ತೊಗಲಿನ ಬಿಲ್ಲೆಯನ್ನೂ ಬಿಚ್ಚಿ, ಚೀಟಿ ಕಟ್ಟಿ, ಎಣ್ಣೆಕಾಗದದಲ್ಲಿ ಸುತ್ತಿಟ್ಟು, ಹೊಸದನ್ನು ಅಳವಡಿಸಿ ಹೊಡೆಯುವುದು ಅವರ ಪದ್ಧತಿ. ಮೈಮೇಲಿನ ನೀಲಿ ಮೆರುಗು ಎಷ್ಟು ಮಾಸಿದ್ದರೂ ಅದನ್ನು ಉಜ್ಜಲು ಅವರು ಒಪ್ಪುತ್ತಿರಲಿಲ್ಲ. ಒಂದು ಬಾರಿ ಉಜ್ಜಿದರೆ ಐವತ್ತು ವರ್ಷ ಅದನ್ನು ಹಿಡಿದ ಕೈಗಳ ಗುರುತು ಅಳಿಯುತ್ತದೆಂಬುದು ಅವರ ನಿಲುವು. ಅವರು ತೀರಿಕೊಂಡ ಮೇಲೆ ಆ ಚೀಟಿಗಳೇ ಅವರ ಕೋವಿಗಳ ಚರಿತ್ರೆಯಾದವು. ಚೀಟಿಯಿಲ್ಲದೆ ಬಿಚ್ಚಿಟ್ಟ ಬಿಡಿಭಾಗ ಗುಜರಿಗೆ ಹೋಗುತ್ತದೆ. ಅದರೊಡನೆ ಒಂದು ವಿದ್ಯೆಯೂ ಹೋಗುತ್ತದೆ. 1940ರ ನವೆಂಬರಿನಲ್ಲಿ ಬಿ.ಎಸ್.ಎ.ಯ ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ ಬಾಂಬು ಬಿದ್ದು 53 ಮಂದಿ ಕೆಲಸಗಾರರು ಮಡಿದರು. ಅಂಥ ಮನೆಯ ಕೈಗೆಲಸವನ್ನು ಹಗುರವಾಗಿ ಕಾಣಲು ನನಗೆ ಮನಸ್ಸು ಬಾರದು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಅದು ಅನ್ಯಾಯ. ಗಾಳಿಕೋವಿ ನಮ್ಮ ದೇಶದಲ್ಲಿ ಅಸಂಖ್ಯಾತ ಹಕ್ಕಿಗಳ ಪ್ರಾಣ ತೆಗೆದಿದೆ. ಸಲೀಂ ಅಲಿಯವರು ಬಾಲಕರಾಗಿದ್ದಾಗ ಆಟದ ಗಾಳಿಕೋವಿಯಿಂದ ಗುಬ್ಬಿಯೊಂದನ್ನು ಕೆಡವಿದರು. ಅದರ ಕೊರಳಿನ ಹಳದಿ ಮಚ್ಚೆ ಅವರನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕರೆದೊಯ್ದಿತು, ದೇಶಕ್ಕೆ ಒಬ್ಬ ಪಕ್ಷಿತಜ್ಞ ದೊರೆತರು. ಆದರೆ ಸತ್ತ ಗುಬ್ಬಿಗಳೆಲ್ಲ ಸಲೀಂ ಅಲಿಯವರನ್ನು ಕೊಡುವುದಿಲ್ಲ. 2021ರಲ್ಲಿ ಅರುಣಾಚಲ ಪ್ರದೇಶದಲ್ಲಿ ಕಾಡಿನ ಮೌನವನ್ನು ಕಂಡು ಗಾಳಿಕೋವಿಗಳನ್ನು ತಾವಾಗಿ ಒಪ್ಪಿಸುವ ಒಂದು ಚಳವಳಿಯೇ ನಡೆಯಿತು. ಆ ಹಳ್ಳಿಗರ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ಕಾಗದದ ಗುರಿಗೆ, ಗಂಟೆಯ ಹಲಗೆಗೆ ಹೊರತು ಇನ್ನಾವುದಕ್ಕೂ ಕೋವಿ ಎತ್ತಬಾರದೆಂಬ ನೇಮವಿಲ್ಲದಿದ್ದರೆ ಈ ಹವ್ಯಾಸಕ್ಕೆ ಸಮರ್ಥನೆಯೇ ಇಲ್ಲ.

ಕೊನೆಯಲ್ಲಿ ಒಂದು ಉಪಯೋಗದ ಮಾತು. ನಿಮ್ಮ ಹಳೆಯ ಮನೆಯ ಅಟ್ಟದಲ್ಲಿ ಇಂಥ ಕೋವಿಯೊಂದು ಸಿಕ್ಕಿದರೆ, ಪರೀಕ್ಷೆಗೆಂದು ಬರಿದೇ ಹೂಡಿ ಬಿಡಬೇಡಿ, ಎಣ್ಣೆ ಸುರಿಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. 2016ರ ಆಯುಧ ನಿಯಮಗಳ ಪ್ರಕಾರ ಅದರ ಬಲ ಮತ್ತು ನಳಿಗೆಯ ಅಳತೆಯನ್ನು ನೋಡಿ ಪರವಾನಗಿ ಬೇಕಾಗಬಹುದು. ಅದನ್ನು ಮೊದಲು ವಿಚಾರಿಸಿ. ಆಮೇಲೆ ಒಣಬಟ್ಟೆಯಿಂದ ಧೂಳೊರಸಿ ಅದರ ಮೇಲೆ ಕೊರೆದಿರುವ ಹೆಸರನ್ನೂ ಸಂಖ್ಯೆಯನ್ನೂ ಓದಿ ಬರೆದಿಟ್ಟುಕೊಳ್ಳಿ. ಅದನ್ನು ಮನೆಗೆ ತಂದವರು ಯಾರೆಂದು ಹಿರಿಯರನ್ನು ಕೇಳಿ, ಆ ಮಾತನ್ನೂ ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿಡಿ. ಹೇಳುವವರು ಇರುವಾಗಲೇ ಈ ಕೆಲಸವನ್ನು ಮಾಡಬೇಕು.