ಬಿಸಿ ಭಜ್ಜಿಗೆ ಪ್ಲಾಸ್ಟಿಕ್ ಚೀಲವೇ?

ಎಳ್ಳಮಾವಾಸ್ಯೆ ಬಂತೆಂದರೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ನಸುಕಿನಲ್ಲೇ ಒಲೆ ಹೊತ್ತುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಹುಳಿ ಅಂಬಲಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ ಉಣ್ಣುವ ಹಬ್ಬವಿದು. ಹಿಂದೆ ಅಂಬಲಿ ಮಣ್ಣಿನ ಗಡಿಗೆಯಲ್ಲಿ ಹೋಗುತ್ತಿತ್ತು. ಈಗ ಅದು ಬಣ್ಣದ ಬಕೆಟ್ಟಿಗೂ, ಬಿಸಿ ಭಜ್ಜಿ ಪ್ಲಾಸ್ಟಿಕ್ ಚೀಲಕ್ಕೂ ಬೀಳುವುದುಂಟು. ಹೋಟೆಲಿನಿಂದ ಪಾರ್ಸೆಲ್ ತರುವ ಚಹಾ ಕೂಡ ಎಷ್ಟೋ ಸಲ ತೆಳು ಚೀಲದಲ್ಲೇ ಮನೆಗೆ ಬರುತ್ತದೆ.

ಇದರಿಂದ ಆರೋಗ್ಯಕ್ಕೆ ತೊಂದರೆಯೇ? ಪ್ಲಾಸ್ಟಿಕ್ಕೆಲ್ಲ ವಿಷವೆಂದು ಹೆದರಬೇಕಿಲ್ಲ, ಏನೂ ಆಗುವುದಿಲ್ಲವೆಂದು ಸುಮ್ಮನಿರುವಂತೆಯೂ ಇಲ್ಲ. ಚೀಲ ಹೇಗೆ ತಯಾರಾಗುತ್ತದೆಂದು ತಿಳಿದರೆ ಎಲ್ಲಿ ಎಚ್ಚರ ಬೇಕೆಂಬುದೂ ತಿಳಿಯುತ್ತದೆ.

ಫುಗಡಿಯಿಂದ ಸರಪಳಿಗೆ

ಬಾಳೆಹಣ್ಣು ಮಾಗುವಾಗ ಅದರಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ. ಇದು ಆಲ್ಕೀನ್‌ಗಳ ಗುಂಪಿನಲ್ಲಿ ಎಲ್ಲಕ್ಕಿಂತ ಚಿಕ್ಕದು. ಇದರ ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳೂ ನಾಲ್ಕು ಜಲಜನಕದ ಪರಮಾಣುಗಳೂ ಇವೆ. ಫುಗಡಿ ಆಡುವ ಇಬ್ಬರು ಹುಡುಗಿಯರು ಎರಡೂ ಕೈ ಹಿಡಿದುಕೊಳ್ಳುವಂತೆ, ಇಂಗಾಲದ ಎರಡು ಪರಮಾಣುಗಳು ಒಂದನ್ನೊಂದು ಎರಡು ಬಂಧಗಳಿಂದ ಹಿಡಿದಿರುತ್ತವೆ. ಇದಕ್ಕೆ ದ್ವಿಬಂಧವೆಂದು ಹೆಸರು. ಆಲ್ಕೀನ್‌ಗಳ ಗುರುತೇ ಇದು.

ಈಗ ಪ್ರತಿ ಜೋಡಿಯೂ ಒಂದೊಂದು ಕೈ ಬಿಟ್ಟು ಪಕ್ಕದ ಜೋಡಿಯ ಕೈ ಹಿಡಿಯಿತೆನ್ನಿ. ಆಗ ಉದ್ದನೆಯ ಸಾಲಾಗುತ್ತದೆ. ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ಸಾವಿರಾರು ಎಥಿಲೀನ್ ಅಣುಗಳು ಹೀಗೆ ಸೇರಿ ಪಾಲಿಥೀನ್ ಆಗುತ್ತದೆ. ಏನನ್ನೂ ಹೊರಗೆ ಬಿಡದೆ ಅಣುಗಳು ಕೂಡುತ್ತಾ ಹೋಗುವುದರಿಂದ ಇದು ಸಂಕಲನ ಪಾಲಿಮರ್. ಇಂಗ್ಲೆಂಡಿನಲ್ಲಿ 1933ರಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ವಿಜ್ಞಾನಿಗಳಿಗೆ ಬೇರೊಂದು ಪ್ರಯೋಗ ಮಾಡುವಾಗ ಆಕಸ್ಮಿಕವಾಗಿ ಇದು ದೊರೆಯಿತು. ಪ್ರೊಪಿಲೀನ್‌ನಿಂದ ಪಾಲಿಪ್ರೊಪಿಲೀನ್, ವಿನೈಲ್ ಕ್ಲೋರೈಡ್‌ನಿಂದ ಪಿ.ವಿ.ಸಿ., ಸ್ಟೈರೀನ್‌ನಿಂದ ಥರ್ಮೋಕೋಲ್ ಆಗುವುದೂ ಇದೇ ರೀತಿಯಲ್ಲಿ.

ಸಾಲು ಕಟ್ಟಿದ ಮೇಲೆ ದ್ವಿಬಂಧ ಉಳಿಯುವುದಿಲ್ಲ, ಬೇರೆಯವರನ್ನು ಹಿಡಿಯಲು ಬಿಡುವಾದ ಕೈ ಇರುವುದಿಲ್ಲ. ಆದ್ದರಿಂದಲೇ ಪಾಲಿಥೀನ್ ತಣ್ಣನೆಯ ನೀರು, ಅಕ್ಕಿ, ಬೇಳೆಗಳೊಡನೆ ತಂಟೆಗೆ ಹೋಗುವುದಿಲ್ಲ. ಮಣ್ಣಿನಲ್ಲಿ ಕೊಳೆಯದಿರುವುದಕ್ಕೂ, ದನದ ಹೊಟ್ಟೆ ಸೇರಿದರೆ ಕರಗದೆ ಕಟ್ಟಿಕೊಳ್ಳುವುದಕ್ಕೂ ಇದೇ ಕಾರಣ.

ಅಪಾಯ ಎಲ್ಲಿದೆ?

ಮೊದಲನೆಯದು, ಸರಪಳಿಗೆ ಸೇರದೆ ಉಳಿದ ಮೂಲ ಅಣು. ವಿನೈಲ್ ಕ್ಲೋರೈಡ್ ಅನಿಲವನ್ನು ಉಸಿರಾಡಿದ ಕಾರ್ಖಾನೆ ಕಾರ್ಮಿಕರಲ್ಲಿ ಯಕೃತ್ತಿನ ಅಪರೂಪದ ಕ್ಯಾನ್ಸರ್ ಕಾಣಿಸಿದ್ದು ಅಮೆರಿಕದಲ್ಲಿ 1974ರಲ್ಲಿ ಬೆಳಕಿಗೆ ಬಂತು. ಅದೇ ಅಣು ಪಿ.ವಿ.ಸಿ. ಸರಪಳಿಯೊಳಗೆ ಬಿಗಿಯಾಗಿ ಕೂತ ಮೇಲೆ ಅದರ ಗುಣವೇ ಬೇರೆ.

ಎರಡನೆಯದು, ಬೆರಕೆ ವಸ್ತುಗಳು. ಬಣ್ಣ ಬರಲು, ಬಿಸಿಲು ತಾಳಲು, ಮೆತ್ತಗಾಗಲು ಪ್ಲಾಸ್ಟಿಕ್ಕಿಗೆ ಹಲವು ರಾಸಾಯನಿಕಗಳನ್ನು ಸೇರಿಸುತ್ತಾರೆ. ಇವು ಸಾಲಿನ ಕೈ ಹಿಡಿದಿರುವುದಿಲ್ಲ, ಸಾಲುಗಳ ನಡುವೆ ಸುಮ್ಮನೆ ನಿಂತಿರುತ್ತವೆ. ಬಿಸಿ, ಎಣ್ಣೆ, ಹುಳಿ ತಗಲಿದಾಗ ಮೆಲ್ಲನೆ ಜಾರಿ ಆಹಾರಕ್ಕೆ ಸೇರಬಲ್ಲವು. ಪಿ.ವಿ.ಸಿ.ಯನ್ನು ಮೆತ್ತಗೆ ಮಾಡಲು ಬಳಸುವ ಕೆಲವು ಥ್ಯಾಲೇಟ್‌ಗಳು ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಿಮಾಡುತ್ತವೆ. ಬೆಳೆಯುವ ಮಕ್ಕಳು, ಗರ್ಭಿಣಿಯರು ಹೆಚ್ಚು ಜಾಗರೂಕರಾಗಿರಬೇಕು.

ಪಾಲಿಥೀನ್ ಚೀಲ ಕರಗಲು 105 ಡಿಗ್ರಿಗೂ ಹೆಚ್ಚು ಶಾಖ ಬೇಕು. ಚಹಾ ಅಷ್ಟು ಬಿಸಿಯಿರುವುದಿಲ್ಲ. ಚೀಲ ಕರಗಲಿಲ್ಲವೆಂದ ಮಾತ್ರಕ್ಕೆ ಅದರಿಂದ ಏನೂ ಇಳಿಯಲಿಲ್ಲವೆಂದಲ್ಲ. ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪಾಲಿಥೀನ್ ಪದರವೇ ಇರುತ್ತದೆ. ಅಂಥ ಲೋಟದಲ್ಲಿ ಬಿಸಿ ನೀರು 15 ನಿಮಿಷ ಇದ್ದರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಕಣಗಳು ಸೇರುತ್ತವೆಂದು ಖರಗಪುರದ ಐ.ಐ.ಟಿ. ಸಂಶೋಧಕರು 2020ರಲ್ಲಿ ವರದಿ ಮಾಡಿದ್ದಾರೆ.

ಕಪ್ಪು ಚೀಲಗಳು ಹೆಚ್ಚಾಗಿ ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದವು. ಮೊದಲು ಅದರಲ್ಲಿ ಏನಿತ್ತೋ ಬಲ್ಲವರಾರು? ಇಂಥ ಚೀಲಗಳಲ್ಲಿ ಆಹಾರ ಕೊಡಬಾರದೆಂದು ಕೇಂದ್ರ ಸರ್ಕಾರ 1999ರಲ್ಲೇ ನಿಯಮ ಮಾಡಿತ್ತು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನೇ ನಿಷೇಧಿಸಿತು.

ಒಲೆಗೆ ಹಾಕಬೇಡಿ

ಒಲೆ ಹೊತ್ತಿಸಲು, ಚಳಿಗೆ ಬೆಂಕಿ ಕಾಯಿಸಲು ಪ್ಲಾಸ್ಟಿಕ್ ಹಾಳೆ ಸುಡುವ ರೂಢಿ ಬಲು ಕೆಟ್ಟದ್ದು. ಗಾಳಿ ಸಾಲದೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಕರಿಹೊಗೆ ಏಳುತ್ತವೆ. ಪಿ.ವಿ.ಸಿ. ಇದ್ದರೆ ಕಣ್ಣು, ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲವೂ, ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತವೆ. ಒಲೆಯ ಮುಂದೆ ಕೂತ ತಾಯಿ, ಮಗ್ಗುಲಲ್ಲಿರುವ ಮಗು ಅದನ್ನೇ ಉಸಿರಾಡಬೇಕಾಗುತ್ತದೆ. ಆಸ್ತಮಾ ಇರುವವರಿಗಂತೂ ಈ ಹೊಗೆ ಕೂಡದು.

ಮನೆಯವರಿಗೆ ಕಿವಿಮಾತು

* ಬಿಸಿ ಚಹಾ, ಸಾರು, ಭಜ್ಜಿ, ಕರಿದ ತಿಂಡಿಗೆ ಸ್ಟೀಲ್ ಡಬ್ಬಿ ಒಯ್ಯಿರಿ.

* ಅಂಬಲಿ, ಮಜ್ಜಿಗೆ, ಉಪ್ಪಿನಕಾಯಿಗೆ ಮಣ್ಣು, ಗಾಜು ಅಥವಾ ಪಿಂಗಾಣಿ ಪಾತ್ರೆ ಉತ್ತಮ.

* ಡಬ್ಬಿಯ ತಳದ ತ್ರಿಕೋನ ನೋಡಿ. 2, 4, 5 ಎಂದಿದ್ದರೆ ಪಾಲಿಥೀನ್ ಇಲ್ಲವೆ ಪಾಲಿಪ್ರೊಪಿಲೀನ್. ಒಣ ಪದಾರ್ಥಕ್ಕೆ ಅಡ್ಡಿಯಿಲ್ಲ. 3 ಪಿ.ವಿ.ಸಿ., 6 ಪಾಲಿಸ್ಟೈರೀನ್. ಇವುಗಳಿಗೆ ಬಿಸಿ ಪದಾರ್ಥ ಬೇಡ.

* ಬಣ್ಣ, ಗೊಬ್ಬರ, ಕೀಟನಾಶಕ ಬಂದ ಬಕೆಟ್ಟು, ಡಬ್ಬಿಗಳನ್ನು ಎಷ್ಟು ತೊಳೆದರೂ ಅಡಿಗೆಮನೆಗೆ ತರಬೇಡಿ.

* ಗೀರು ಬಿದ್ದ, ಬಣ್ಣ ಮಾಸಿದ ಡಬ್ಬಿಗಳನ್ನು ಊಟಕ್ಕೆ ಬಳಸಬೇಡಿ.

ಬರುವ ಎಳ್ಳಮಾವಾಸ್ಯೆಗೆ ಅಟ್ಟದ ಮೇಲಿನ ಗಡಿಗೆ, ಡಬ್ಬಿಗಳನ್ನು ಕೆಳಗಿಳಿಸಿ. ಹೊಲದಲ್ಲಿ ಊಟವಾದ ಮೇಲೆ ಅಲ್ಲಿ ಬಿಟ್ಟು ಬರುವಂಥ ಚೀಲವೂ ಇರುವುದಿಲ್ಲ, ಎತ್ತಿನ ಬಾಯಿಗೆ ಅದು ಸಿಗುವ ಭಯವೂ ಇರುವುದಿಲ್ಲ.